ವಾಟ್ಣಿ ಆಗದ ಮನೆಯ ದ್ರಾಕ್ಷಿ

ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಅಣ್ಣತಮ್ಮಂದಿರು ವಾಟ್ಣಿ ಮಾಡಿಕೊಂಡು ಬೇರೆಯಾಗುವುದಕ್ಕೂ ಒಂದು ಹಂಗಾಮು ಇದೆ. ಮಾಲು ಹೋಗಿ ಲೆಕ್ಕ ಆದ ಮೇಲೆ, ಬಳ್ಳಿ ಸವರುವ ಎಪ್ರಿಲ್ ಚಾಟ್ನಿಗೆ ಕತ್ತರಿ ಹಿಡಿಯುವುದಕ್ಕೆ ಮೊದಲು. ಅದಕ್ಕಿಂತ ಮುಂಚೆ ಮಾತೆತ್ತಿದರೆ ‘ಗೊನಿ ಗಿಡದಾಗ ಇಟ್ಕೊಂಡು ಜಗಳ ತೆಗೀತಾನ’ ಅನ್ನುತ್ತಾರೆ. ಆಮೇಲೆ ಎತ್ತಿದರೆ ‘ಖರ್ಚು ಹಾಕಿದ ಮ್ಯಾಲ ನೆನಪಾತೇನು?’ ಅನ್ನುತ್ತಾರೆ. ಹಾಗಾಗಿ ಸೋಲಾಪುರ, ಅಕ್ಕಲಕೋಟ, ಇತ್ತ ವಿಜಯಪುರದ ಸೀಮೆಯಲ್ಲಿ ಮಾರ್ಚ್ ಕೊನೆ ಬಂತೆಂದರೆ ಪಂಚರೆನಿಸಿಕೊಂಡ ಹಿರಿಯರು ಊರು ಬಿಟ್ಟು ಕದಲುವುದಿಲ್ಲ. ಯಾರ ಮನೆಯಿಂದ ಯಾವಾಗ ಕರೆ ಬರುತ್ತದೋ, ಯಾರ ಹೊಲದ ನಡುವೆ ಹೊಸ ಬಾಂದು ಹಾಕಿಸಬೇಕಾಗುತ್ತದೋ!

ಇಂಥ ಜಿಲ್ಲೆಯಲ್ಲಿ ಅಣ್ಣತಮ್ಮಂದಿರು ಕೂಡಿ ವೈನರಿ ಕಟ್ಟಿದರು ಅಂದರೆ ನಂಬುವುದು ಕಷ್ಟ. ಅದೂ ಒಂದು ಜೋಡಿ ಅಲ್ಲ, ಮೂರು ಜೋಡಿ. ಸೋಲಾಪುರ ಜಿಲ್ಲೆಯ ಪಡುವಣ ಅಂಚಿನಲ್ಲಿ ನೀರಾ ನದಿಯ ದಂಡೆಗೆ ಅಕಲೂಜ್ ಇದೆಯಲ್ಲ, ಅಲ್ಲಿಯ ಮೋಹಿತೆ ಪಾಟೀಲ ಮನೆತನದ ರಣಜಿತಸಿಂಹ ಮತ್ತು ಅರ್ಜುನಸಿಂಹ, ದಿಲ್ಲಿಯ ಕಪಿಲ್ ಮತ್ತು ಗೌರವ್ ಸೇಖ್ರಿ, ಇಟಲಿಯ ಅಲೆಸಿಯೊ ಮತ್ತು ಆಂದ್ರಿಯಾ ಸೆಚ್ಚಿ. 2007ರ ಹೊತ್ತಿಗೆ ಈ ಆರು ಮಂದಿ ಕೂಡಿ ತೆಗೆದ ಕಂಪನಿಗೆ ಇಟಲಿಯ ಮಾತಿನಲ್ಲಿ ಅಣ್ಣತಮ್ಮಂದಿರು ಅಂತಲೇ ಹೆಸರಿಟ್ಟರು: ಫ್ರಾತೆಲ್ಲಿ.

ಇದನ್ನು ನಮ್ಮ ಅಕ್ಕಲಕೋಟದ ಕಾಕಾನಿಗೆ ಹೇಳಿದಾಗ ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. “ನಮ್ಮಲ್ಲಿ ಒಂದ ತಾಯಿ ಹೊಟ್ಟ್ಯಾಗ ಹುಟ್ಟಿದ ಇಬ್ಬರು ಒಂದು ಬೋರಿನ ನೀರು ಹಂಚ್ಕೊಳ್ಳಾಕ ಪಂಚರನ್ನ ಕೂಡಸಬೇಕು. ಇವರು ಆರು ಮಂದಿ, ಎರಡು ದೇಶದವರು. ನೀರಿನ ಪಾಳಿ ಯಾರದು ಅಂತ ಯಾವ ಭಾಷಾದಾಗ ಜಗಳ ಆಡ್ತಾರೋ ತಮ್ಮಾ?”

ಕಾಕಾನ ಪ್ರಶ್ನೆ ನಗೆಯದಾದರೂ ಹುರುಳಿಲ್ಲದ್ದಲ್ಲ. ಆದರೆ ಈ ಕೂಟದಲ್ಲಿ ಒಬ್ಬೊಬ್ಬರು ತಂದದ್ದು ಬೇರೆ ಬೇರೆಯಾದ್ದರಿಂದ ಜಗಳಕ್ಕೆ ಎಡೆ ಕಡಿಮೆ. ಜಮೀನು, ಊರು, ಆಳು ಪಾಟೀಲರದು. ಪೇಟೆಯ ಲೆಕ್ಕ ದಿಲ್ಲಿಯವರದು. ದ್ರಾಕ್ಷಿರಸದ ರುಚಿ ಬಲ್ಲವರು ಇಟಲಿಯವರು. ಮೋಹಿತೆ ಪಾಟೀಲರ ಹೆಸರು ಕೇಳಿದರೆ ಈ ಭಾಗದವರಿಗೆ ನೆನಪಾಗುವುದು ಸಕ್ಕರೆ. ಶಂಕರರಾವ್ ಮೋಹಿತೆ ಪಾಟೀಲರು ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದವರು. ಅವರ ಮಗ ವಿಜಯಸಿಂಹ ಮಹಾರಾಷ್ಟ್ರದ ಉಪಮುಖ್ಯಮಂತ್ರಿಯಾಗಿದ್ದವರು. ಮೂರನೆಯ ತಲೆಮಾರು ಕಬ್ಬಿನ ನಾಡಿನಲ್ಲಿ ಮೋಟೆವಾಡಿಯ ಬರಡು ಮಾಳ ನೋಡಿ ದ್ರಾಕ್ಷಿ ಹಚ್ಚಲು ಹೊರಟಿತು.

ಹಚ್ಚಿದ್ದಾದರೂ ಎಷ್ಟು? ಮೋಟೆವಾಡಿ, ಗಾರವಾಡ, ನಿಮಗಾಂವ ಸೇರಿ ಸುಮಾರು 240 ಎಕರೆ. ಫ್ರಾನ್ಸಿನಿಂದ ಮೂರೂವರೆ ಲಕ್ಷ ಸಸಿ ತರಿಸಿದರು. ಸಾಂಜೊವೇಸೆ, ಕ್ಯಾಬರ್ನೆ ಸೊವಿನ್ಯೋಂ, ಶಾರ್ಡನೆ, ಶೆನಾಂ ಬ್ಲಾಂ… ಬಾಗವಾನ ಓಣಿಯಲ್ಲಿ ಈ ಹೆಸರು ಹೇಳಿ ಕಾಲು ಕಿಲೊ ಕೇಳಿದರೆ ‘ಮುಂದಿನ ಅಂಗಡಿ ನೋಡ್ರಿ’ ಅಂತಾರೆ. ಕೊಟ್ಟರೂ ತಿನ್ನುವವರಿಲ್ಲ. ವೈನಿನ ದ್ರಾಕ್ಷಿ ಸಣ್ಣದು, ದಪ್ಪ ಸಿಪ್ಪೆಯದು, ಬಾಯಿತುಂಬ ಬೀಜ. ನಮ್ಮ ಥಾಮ್ಸನ್ ದ್ರಾಕ್ಷಿ ತಿಂದು ಬೆಳೆದ ಮಕ್ಕಳು ಒಂದು ಕಾಳು ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತಾರೆ. ಆದರೆ ವೈನಿನ ಬಣ್ಣ, ಒಗರು, ಗಮಗಮ ಹೆಚ್ಚಾಗಿ ಇರುವುದು ಆ ಸಿಪ್ಪೆಯಲ್ಲಿ. ಕೆಂಪು ವೈನು ಕೆಂಪಾಗುವುದು ರಸದಿಂದಲ್ಲ, ರಸದ ಜೊತೆ ಸಿಪ್ಪೆಯನ್ನೂ ಕೊಳೆಹಾಕುವುದರಿಂದ.

ಸಿಹಿಯಲ್ಲೂ ಅಂತರ ಇದೆ. ತಿನ್ನುವ ದ್ರಾಕ್ಷಿ ಸಿಹಿಯ ಅಳತೆಯಾದ ಬ್ರಿಕ್ಸ್‌ನಲ್ಲಿ 18 ಮುಟ್ಟಿದರೆ ಸಾಕು, ವ್ಯಾಪಾರಿ ಬರುತ್ತಾನೆ. ವೈನಿನದು 22, 24ಕ್ಕೆ ಏರುವವರೆಗೆ ಗಿಡದಲ್ಲೇ ಇರಬೇಕು. ವ್ಯಾಪಾರಿ ಬರುವ ಚೆಂದವನ್ನೇ ನೋಡಬೇಕು ನೀವು. ಗೊನೆಯ ತುದಿಯ ಕಾಳನ್ನೇ ಕೀಳುತ್ತಾನೆ. ಭುಜದ ಕಾಳು ಹೆಚ್ಚು ಸಿಹಿ ಅಂತ ಅವನಿಗೂ ಗೊತ್ತು, ತೋಟದವನಿಗೂ ಗೊತ್ತು. ಬ್ರಿಕ್ಸ್ ನೋಡುವ ಸಣ್ಣ ಕೊಳವೆಯ ಗಾಜಿನ ಮೇಲೆ ಒಂದು ಹನಿ ಹಿಂಡಿ, ಕಣ್ಣಿಗೆ ಹಿಡಿದು ಬಿಸಿಲಿನ ಕಡೆ ತಿರುಗುತ್ತಾನೆ. ತೋಟದವನು ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ವ್ಯಾಪಾರಿ ತಲೆ ಅಲ್ಲಾಡಿಸಿ, ಕೊಳವೆಯನ್ನು ಅಂಗಿಯ ಚುಂಗಿಗೆ ಒರೆಸಿ, “ಎರಡು ದಿನ ಆಗಲಿ ಮಾಲಕರs” ಅನ್ನುತ್ತಾನೆ. ಆ ಎರಡು ದಿನದಲ್ಲಿ ಆಕಾಶ ಮುಸುಕಿದರೆ ದರ ಅರ್ಧ. ವರ್ಷವಿಡೀ ದುಡಿದದ್ದು ಒಬ್ಬನ ತಲೆಯ ಅಲ್ಲಾಟದ ಮೇಲೆ ನಿಂತಿರುತ್ತದೆ. ಸ್ವಂತ ವೈನರಿ ಇದ್ದವನಿಗೆ ಈ ಸುಖ ಉಂಟು: ಕೊಳವೆ ಅವನ ಕೈಯಲ್ಲೇ, ಕಣ್ಣು ಅವನದೇ.

ಆದರೆ ಅದರ ಬೆಲೆ ಕಾಯುವುದು. ಸಸಿ ಹಚ್ಚಿ ಮೂರು ವರ್ಷ ಹಣ್ಣಿಗೆ, ಹಣ್ಣು ಬಂದ ಮೇಲೆ ಟ್ಯಾಂಕಿನಲ್ಲಿ, 225 ಲೀಟರಿನ ಓಕ್ ಬ್ಯಾರಲ್ಲಿನಲ್ಲಿ, ಕೊನೆಗೆ ಬಾಟಲಿಯಲ್ಲಿ. ಅಷ್ಟೂ ವರ್ಷ ಕರೆಂಟು ಬಿಲ್ಲು, ಆಳಿನ ಪಗಾರ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಫ್ರಾತೆಲ್ಲಿಯವರು ವೈನು ಮಾಡಲು ಟಸ್ಕನಿಯಿಂದ ಕರೆಸಿಕೊಂಡ ಪಿಯೆರೊ ಮಾಸಿ ಅವರಿಗೂ ಇಲ್ಲಿ ಹೊಸ ಪಾಠ ಕಾದಿತ್ತು. ಅವರ ಊರಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಒಂದು ಸಲ ಸವರಿದರೆ ಆಯಿತು. ನಮ್ಮಲ್ಲಿ ಬಳ್ಳಿಗೆ ನಿದ್ದೆ ಎಂಬುದೇ ಇಲ್ಲ. ಎಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು ಒಂದು ಚಾಟ್ನಿ, ಮಳೆ ಹಿಂದೆ ಸರಿಯುವಾಗ ಹಣ್ಣಿಗಾಗಿ ಇನ್ನೊಂದು. ಇಟಲಿಯಲ್ಲಿ ಸುಗ್ಗಿ ಆಗಸ್ಟ್‌ನಿಂದ ಅಕ್ಟೋಬರ್, ನಮ್ಮಲ್ಲಿ ಜನವರಿಯಿಂದ ಮಾರ್ಚ್.

ಹಾಗಂತ ದ್ರಾಕ್ಷಿಯ ಬುದ್ಧಿ ಹೊರಗಿನಿಂದಲೇ ಬರಬೇಕು ಅಂತೇನಿಲ್ಲ. ಸೋಲಾಪುರಕ್ಕೆ ಹತ್ತಿರದ ನಾನ್ನಜ ಎಂಬ ಊರಿನ ನಾನಾಸಾಹೇಬ ಕಾಳೆ ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ ಥಾಮ್ಸನ್ ತೋಟದಲ್ಲೇ ಉದ್ದ ಕಾಳಿನ ಬೇರೆ ಬಳ್ಳಿ ಗುರುತಿಸಿ ಸೋನಾಕಾ ತಳಿ ಕೊಟ್ಟರು. ಕಪ್ಪು ಬಣ್ಣದ ಶರದ್ ಸೀಡ್‌ಲೆಸ್ ಕೂಡ ಆ ಮನೆಯದೇ. ಇವತ್ತು ವಿಜಯಪುರದ ತಿಕೋಟಾ ಕಡೆಯ ರೈತ ಹಚ್ಚುವ ಕಡ್ಡಿಯಲ್ಲಿ ಆ ಮನೆಯ ಋಣ ಇದೆ. ಅದೇ ನಾನ್ನಜದಲ್ಲಿ ಮಾಳಢೋಕ ಹಕ್ಕಿಯ ಅಭಯಾರಣ್ಯವೂ ಇದೆ. ಹುಲ್ಲುಗಾವಲಿಲ್ಲದೆ ಬದುಕದ ಹಕ್ಕಿ ಅದು. ದ್ರಾಕ್ಷಿ ಹಂದರ ಹೆಚ್ಚಿದಂತೆ ಅದು ಕಣ್ಮರೆಯಾಗುತ್ತ ಬಂತು. ಅದರ ಮಾತು ತೆಗೆದರೆ ಹರಟೆ ಕಟಕಟೆ ಹತ್ತುತ್ತದೆ, ಬಿಡಿ.

ಮಾತು ಮನೆತನದ್ದು. ನಮ್ಮ ಕರ್ನಾಟಕದಲ್ಲಿ ಈ ದಾರಿ ತುಳಿದ ಮೊದಲ ಮನೆ ಗ್ರೋವರ್ ಅವರದು. ಕನ್ವಲ್ ಗ್ರೋವರ್ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿ ಬರುತ್ತಿದ್ದವರು. ಅಲ್ಲಿಯ ಊಟದ ಜೊತೆಗಿನ ಗ್ಲಾಸು ಮನಸ್ಸಿಗೆ ಹತ್ತಿತು. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರನ್ನು ಜೊತೆ ಮಾಡಿಕೊಂಡು ಹತ್ತಾರು ತಳಿ ಪರೀಕ್ಷಿಸಿ, 1988ರಲ್ಲಿ ನಂದಿಬೆಟ್ಟದ ಬುಡಕ್ಕೆ ದೊಡ್ಡಬಳ್ಳಾಪುರದಲ್ಲಿ ನೆಟ್ಟರು. ಮೊದಲ ವೈನು ಬಂದದ್ದು 1992ಕ್ಕೆ. ಆಮೇಲೆ ಮಗ ಕಪಿಲ್, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವೈನು ಮಾಡುವುದನ್ನೇ ಓದಿ ಬಂದ ಮೊಮ್ಮಗಳು ಕರಿಷ್ಮಾ. ಮೂರು ತಲೆಮಾರು ಒಂದೇ ತೋಟದಲ್ಲಿ ನಿಂತಿತು ಅನ್ನುವುದೇ ನನಗೆ ಅವರ ಲಾ ರಿಸರ್ವ್ ವೈನಿಗಿಂತ ದೊಡ್ಡ ಸುದ್ದಿ.

ನಿಲ್ಲದವರೂ ಇದ್ದಾರೆ. ಪುಣೆ ಹತ್ತಿರದ ನಾರಾಯಣಗಾಂವದಲ್ಲಿ ಶಾಮರಾವ್ ಚೌಗುಲೆ 80ರ ದಶಕದಲ್ಲೇ ನೊರೆಯುಕ್ಕುವ ವೈನು ಮಾಡಿ ‘ಒಮರ್ ಖಯ್ಯಾಮ್’ ಅಂತ ಹೆಸರಿಟ್ಟು ಪರದೇಶಕ್ಕೆ ಕಳಿಸಿದ ಗಟ್ಟಿಗರು. ಮುಂದೆ ಅವರ ಕಂಪನಿ ಮೈಗಿಂತ ದೊಡ್ಡ ಅಂಗಿ ತೊಟ್ಟಿತು, ಸಾಲ ಏರಿತು, 2008ರ ಆಸುಪಾಸಿನ ಆರ್ಥಿಕ ಹಿಂಜರಿತದಲ್ಲಿ ಮುಗ್ಗರಿಸಿತು. ಆಗ ನಾಸಿಕ ಕಡೆ ಎಷ್ಟೋ ರೈತರು ವೈನಿನ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದರು. 2001ರಲ್ಲಿ ಮಹಾರಾಷ್ಟ್ರ, 2007ರಲ್ಲಿ ಕರ್ನಾಟಕ ವೈನಿಗೆಂದೇ ನೀತಿ ತಂದು ಸುಂಕದಲ್ಲಿ ರಿಯಾಯಿತಿ ಕೊಟ್ಟವು. ಸರಕಾರ ಸುಂಕ ಬಿಡಬಹುದು, ಕಾಯುವ ತಾಳ್ಮೆಯನ್ನು ಸಬ್ಸಿಡಿಯಲ್ಲಿ ಕೊಡಲಿಕ್ಕಾಗುವುದಿಲ್ಲ.

ಇನ್ನು ಮಡಿಯ ಪ್ರಶ್ನೆ. ಸೋಲಾಪುರ ಸಿದ್ಧರಾಮನ ಊರು, ಅಕ್ಕಲಕೋಟ ಸ್ವಾಮಿ ಸಮರ್ಥರ ಊರು. ನಮ್ಮ ಮನೆಗಳಲ್ಲಿ ಬಾಟಲಿ ಅಂದರೆ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಂಪುಟ ಸೂಪರ್ ಮಾರ್ಕೆಟ್ಟಿನಲ್ಲಿ ವೈನು ಮಾರಲು ಒಪ್ಪಿದಾಗ ರೈತರಿಗೆ ಒಳ್ಳೆಯದಾಗುತ್ತದೆ ಅಂದವರೆಷ್ಟೋ, ಮನೆ ಹಾಳಾಗುತ್ತದೆ ಅಂದವರೂ ಅಷ್ಟೇ. ಅಣ್ಣಾ ಹಜಾರೆ ಉಪವಾಸ ಕೂಡುತ್ತೇನೆ ಅಂದರು. ನಮ್ಮ ಆಯಿ ಮಾತ್ರ ಈ ಗದ್ದಲದ ನಡುವೆ ಊಟವಾದ ಮೇಲೆ ಎರಡು ಚಮಚ ದ್ರಾಕ್ಷಾರಿಷ್ಟ ತಪ್ಪಿಸಲಿಲ್ಲ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ ಹುಳಿಬರಿಸಿದ ಔಷಧ ಅದು. ತಾನಾಗಿ ಹುಟ್ಟಿದ ಮದ್ಯಸಾರ ಇದೆ ಅಂತ ಬಾಟಲಿಯ ಚೀಟಿಯ ಮೇಲೇ ಅಚ್ಚಾಗಿರುತ್ತದೆ. ಅದನ್ನು ಓದಿ ಹೇಳಿದ್ದಕ್ಕೆ ಆಯಿ, “ವೈದ್ಯರು ಕೊಟ್ಟಿದ್ದು ಹೆಂಗ ಮದ್ಯ ಆಗ್ತದೋ?” ಅಂದು ಮುಚ್ಚಳ ತಿರುವಿದಳು.

ಸಣ್ಣ ರೈತನಿಗೆ ವೈನರಿ ಎಟುಕುವುದಿಲ್ಲ ನಿಜ. ಆದರೆ ಕಾಯುವ ವಿದ್ಯೆ ಅವನಿಗೂ ಗೊತ್ತು. ಅದರ ಹೆಸರು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡು. ವ್ಯಾಪಾರಿಯ ದರ ಸರಿ ಬರದಿದ್ದರೆ ಗೊನೆಯನ್ನು ಮಾರದೆ, ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಶಿಯಂ ಕಾರ್ಬೊನೇಟ್ ಬೆರೆಸಿದ ನೀರಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬೀಳಬೇಕು, ಬಿಸಿಲು ನೇರ ತಾಗಬಾರದು. ಎರಡು ವಾರದ ಸುಮಾರಿಗೆ ಕಾಳು ಸುಕ್ಕಾಗಿ, ಜಾಳಿಗೆ ಬಡಿದರೆ ಚಟಚಟ ಉದುರುತ್ತದೆ. ನಾಲ್ಕು ಕಿಲೊ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೊ ಮಣೂಕ. ಆ ಎರಡು ವಾರ ಮನೆಮಂದಿಯೆಲ್ಲ ಆಕಾಶ ನೋಡುತ್ತ ಶೆಡ್ಡಿನಲ್ಲೇ ಮಲಗುತ್ತಾರೆ, ತಾಡಪಾಲು ಕೈಯಳತೆಯಲ್ಲಿ. ಮಾಲು ಒಳಗೆ ಬಂದರೆ ಕೋಲ್ಡ್ ಸ್ಟೋರೇಜಿಗೆ ಹಾಕಿ ತಾಸಗಾಂವ, ಸಾಂಗಲಿಯ ಹರಾಜಿನ ದರ ಏರುವುದನ್ನು ಕಾಯಬಹುದು. ಅಡತಿಯಿಂದ ತಂದ ಮುಂಗಡ, ಮಗಳ ಮದುವೆ, ಸೊಸಾಯಿಟಿಯ ಕಂತು ಕಾಯಲು ಬಿಟ್ಟರೆ ಅನ್ನುವುದು ಬೇರೆ ಮಾತು.

ಈಗ ಕಾಕಾನ ಮಗ ಪುಣೆಯಲ್ಲಿ ಕೃಷಿ ಓದಿ ಬಂದಿದ್ದಾನೆ. ಚಿಕ್ಕದೊಂದು ವೈನರಿ ಹಾಕೋಣ ಅಂತ ಬಣ್ಣದ ಕಾಗದದ ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ತಂದೆಯ ಮುಂದೆ ಕೂತ. ಕಾಕಾ ಹಾಳೆ ತಿರುವಿ ಹಾಕಿ ಬಂಡವಾಳದ ಮಾತೇ ಎತ್ತಲಿಲ್ಲ. “ಮೊದಲ ಈ ವರ್ಷದ ಮಣೂಕ ಒಂದ ವರ್ಷ ಮಾರದs ಇಟ್ಟು ತೋರಿಸು. ನೀನು, ನಿಮ್ಮಣ್ಣ, ಮನ್ಯಾಗಿನ ಯಾರೂ ‘ಯಾವಾಗ ಮಾರೂದು’ ಅಂತ ಕೇಳಬಾರದು. ಕೇಳಲಿಲ್ಲಂದ್ರ ಆಮ್ಯಾಲ ಬ್ಯಾರಲ್ಲಿನ ಮಾತು.”

ಹುಡುಗ ಪಂಥ ಒಪ್ಪಿ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ. ಶ್ರಾವಣದಲ್ಲಿ ದರ ಸ್ವಲ್ಪ ಏರಿತು ಅಂತ ಸುದ್ದಿ ಬಂತು. ಅಣ್ಣ ಸುಮ್ಮನಿದ್ದ, ಸೊಸೆಯಂದಿರು ಸುಮ್ಮನಿದ್ದರು. ಯಾವಾಗ ಮಾರೂದು ಅಂತ ಮೊದಲು ಕೇಳಿದವರು ಕಾಕಾನೇ.