ಹಾಳೆಯ ಮೇಲೆ ಅಜ್ಜಿಯ ಕಸೂತಿ

ಐರ್ಲೆಂಡಿನಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ಮಳೆ ಯಾವಾಗ ಬೇಕಾದರೂ ಬರುತ್ತದೆ. ಅಂಥ ಒಂದು ಭಾನುವಾರ ಡಬ್ಲಿನ್ನಿನ ನಮ್ಮ ಮನೆಯಲ್ಲಿ ನಾವು ಮೂವರು, ಅಂದರೆ ಅಮ್ಮ, ಮಗಳು, ಮಗ, ಸೂಜಿ ದಾರ ಮತ್ತು ದಪ್ಪ ಹಾಳೆ ಹರಡಿಕೊಂಡು ಕುಳಿತೆವು. ಧಾರವಾಡದಲ್ಲಿರುವ ಅಜ್ಜಿಗೆ ಎಂಬತ್ತು ತುಂಬುವುದರಲ್ಲಿತ್ತು. ಅಂಗಡಿಯ ಕಾರ್ಡ್ ಕಳಿಸಿದರೆ ಉಪಯೋಗವಿಲ್ಲ. ಅವರ ಕಣ್ಣು ಮಂಜಾಗಿ ಎರಡು ವರ್ಷವಾಯಿತು. ಅಕ್ಷರ ಕಾಣುವುದಿಲ್ಲ, ಚಿತ್ರವೂ ಕಾಣುವುದಿಲ್ಲ. ಬೆರಳಿಗೆ ಸಿಗುವಂಥದ್ದನ್ನೇ ಕಳಿಸಬೇಕಿತ್ತು.

ಅಜ್ಜಿ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದವರು. ಕಸೂತಿ ನಮ್ಮ ಧಾರವಾಡ ಸೀಮೆಯ ಹೆಮ್ಮೆ. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ, ನವಿಲು, ಅಂಬಾರಿ ಆನೆ ಎಲ್ಲ ಮೂಡುತ್ತವೆ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿ ಹಾಕಬೇಕು. ಗಂಟು ಹಾಕುವಂತಿಲ್ಲ. ಅಮ್ಮ ಚಿಕ್ಕವಳಿದ್ದಾಗ ಏನು ಹೊಲಿದು ತೋರಿಸಿದರೂ ಅಜ್ಜಿ ಮೊದಲು ಹೇಳುತ್ತಿದ್ದ ಮಾತು ಒಂದೇ: "ಹಿಂದಿನ ಬಾಜು ತೋರಸು."

ಆದರೆ ಹಾಳೆಯಲ್ಲಿ ಎಣಿಸಲು ಎಳೆ ಎಲ್ಲಿದೆ? ಅದಕ್ಕೆ ಮಗಳು ಉಪಾಯ ಹುಡುಕಿದಳು. ಗಣಿತದ ಗ್ರಾಫ್ ಹಾಳೆಯಲ್ಲಿ ಗೋಪುರ ಬರೆದು, ಅದನ್ನು ದಪ್ಪ ಹಾಳೆಯ ಮೇಲಿಟ್ಟು, ಅಡಿಗೆ ಹಳೆಯ ಮೌಸ್ ಪ್ಯಾಡ್ ಹಾಕಿ, ಗುಂಡುಪಿನ್ನಿನಿಂದ ಚುಚ್ಚಿದೆವು. ಮೊದಲ ಕಾರ್ಡ್ ಅರ್ಧಕ್ಕೇ ಹರಿಯಿತು. ತೂತುಗಳು ತೀರಾ ಹತ್ತಿರವಾಗಿ, ಅಂಚೆ ಚೀಟಿಯ ಅಂಚಿನಂತೆ ಗೋಪುರವೇ ಕಳಚಿಕೊಂಡು ಬಂತು! ಎರಡನೆಯದರಲ್ಲಿ ಮಗ ತಪ್ಪು ಜಾಗದಲ್ಲಿ ಚುಚ್ಚಿದ. ಬಟ್ಟೆಯಾದರೆ ದಾರ ಬಿಚ್ಚಿ ಉಗುರಿನಿಂದ ತಿಕ್ಕಿದರೆ ತೂತು ಮುಚ್ಚುತ್ತದೆ. ಹಾಳೆಯಲ್ಲಿ ಚುಚ್ಚಿದ್ದು ಚುಚ್ಚಿದ ಹಾಗೇ ಉಳಿಯುತ್ತದೆ. ಸೂಜಿ ಹಿಡಿಯುವ ಮೊದಲೇ ಇಡೀ ದಾರಿ ಯೋಚಿಸಿರಬೇಕು ಎಂದು ಆಗ ತಿಳಿಯಿತು.

ಗವಂತಿ ಹೊಲಿಗೆಯ ದಾರಿ ಬಹಳ ಸೊಗಸು. ಹೋಗುವಾಗ ಒಂದು ಮನೆ ಹಾಕಿ ಒಂದು ಮನೆ ಬಿಡುವುದು, ಬರುವಾಗ ಬಿಟ್ಟ ಮನೆ ತುಂಬುವುದು. ಪ್ರತಿ ಗೆರೆಯ ಮೇಲೂ ಎರಡು ಸಲ ನಡೆಯುವುದರಿಂದ, ದಾರ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣುತ್ತದೆ.

ಆ ತಿಂಗಳೇ ಕಾಲಿನ್ಸ್ ಬ್ಯಾರಕ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಐರಿಶ್ ಲೇಸ್ ನೋಡಿದೆವು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಇಲ್ಲಿ ಭೀಕರ ಕ್ಷಾಮ ಬಂದಾಗ, ಎಷ್ಟೋ ಮನೆಗಳಿಗೆ ಹೆಣ್ಣುಮಕ್ಕಳ ಸೂಜಿಯೇ ಅನ್ನ ಕೊಟ್ಟಿತು. ಕಾರ್ಕ್ ಸೀಮೆಯ ಯಾಲ್ ಎಂಬ ಊರಿನಲ್ಲಿ ಮದರ್ ಮೇರಿ ಆ್ಯನ್ ಸ್ಮಿತ್ ಎಂಬ ಸನ್ಯಾಸಿನಿ ಹಳೆಯ ಇಟಲಿ ಲೇಸಿನ ತುಂಡೊಂದನ್ನು ಎಳೆ ಎಳೆಯಾಗಿ ಬಿಚ್ಚಿ, ಅದರ ಗುಟ್ಟು ಕಲಿತು, ಊರಿನ ಹುಡುಗಿಯರಿಗೆ ಕಲಿಸಿದರು. ಅಂಥ ಸೂಜಿ ಲೇಸಿನಲ್ಲಿ ನಕ್ಷೆಯ ಮೇಲೆಯೇ ದಾರ ಹೆಣೆದು, ಕೊನೆಗೆ ಲೇಸನ್ನು ಬಿಡಿಸಿ ನಕ್ಷೆಯನ್ನು ಬೇರೆ ಮಾಡುತ್ತಾರೆ. ನಮ್ಮ ಕಾರ್ಡಿನಲ್ಲಿ ಮಾತ್ರ ಹಾಳೆಯೂ ದಾರವೂ ಕೊನೆಯವರೆಗೆ ಒಟ್ಟಿಗೇ ಇರುತ್ತವೆ. ಬಿಚ್ಚಿ ನೋಡಿ ಕಲಿಯಲು ಅವರಿಗೆ ಹಳೆಯ ತುಂಡೊಂದು ಸಿಕ್ಕಿತ್ತು. ನಮಗೆ ಫೋನಿನಲ್ಲಿ ಅಜ್ಜಿಯೇ ಸಿಗುತ್ತಿದ್ದರು. ಅವರು ಇರುವಾಗಲೇ ಕೇಳಿ ಕಲಿಯಬೇಕು ಎಂದು ಅವತ್ತು ಬಸ್ಸಿನಲ್ಲಿ ಮಾತಾಡಿಕೊಂಡೆವು.

ಮೂರನೆಯ ಕಾರ್ಡಿಗೆ ಮೂರು ಮಿಲಿಮೀಟರಿಗೊಂದು ತೂತು ಇಟ್ಟೆವು. ದಾರದಲ್ಲಿ ಎರಡೇ ಎಳೆ ತೆಗೆದುಕೊಂಡೆವು. ಸೂಜಿಯನ್ನು ನೇರವಾಗಿ ಇಳಿಸಿ, ದಾರವನ್ನು ಮೆಲ್ಲಗೆ ಎಳೆದೆವು. ಗಂಟಿನ ಬದಲು ದಾರದ ತುದಿಯನ್ನು ಹಿಂಬದಿಯ ಮೂರು ನಾಲ್ಕು ಹೊಲಿಗೆಗಳ ಕೆಳಗೆ ತೂರಿಸಿದೆವು. ಸರದಿಯಂತೆ ಹೊಲಿದು ನಾಲ್ಕು ಭಾನುವಾರಕ್ಕೆ ಗೋಪುರ ಎದ್ದು ನಿಂತಿತು. ಹಿಂಬದಿಗೆ ಬೇರೆ ಹಾಳೆ ಅಂಟಿಸದೆ ಹಾಗೆಯೇ ಅಂಚೆಗೆ ಹಾಕಿದೆವು.

ಹುಟ್ಟುಹಬ್ಬದ ದಿನ ಫೋನ್ ಮಾಡಿದಾಗ ಕಾರ್ಡ್ ಅಜ್ಜಿಯ ಕೈಯಲ್ಲೇ ಇತ್ತು. ಬೆರಳಾಡಿಸುತ್ತಾ, "ಗೋಪುರ. ಮ್ಯಾಲೆ ಕಳಸ," ಅಂದರು. ನಮಗೆಲ್ಲ ಕಣ್ಣು ತುಂಬಿ ಬಂತು. ಆಮೇಲೆ ಕಾರ್ಡ್ ತಿರುಗಿಸಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಮಾತಿಲ್ಲ.

"ಇಲ್ಲೊಂದು ಗಂಟ ಐತಲ್ಲ. ಯಾರು ಹಾಕಿದವ್ರು?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಯ ಸಾಲಿನಲ್ಲಿ ದಾರ ಸಾಲದೆ ಹೋದಾಗ ಯಾರಿಗೂ ಹೇಳದೆ ಗಂಟು ಹಾಕಿದ್ದ ಮಗ, "ನಾನೇ ಅಜ್ಜಿ," ಎಂದ.

"ಇರ್ಲಿ ಬಿಡು ಮಗಾ. ಇನ್ನೊಂದು ಕಳಸು, ಗಂಟಿಲ್ದಾಂಗ."

ಈಗ ತುಳಸಿಕಟ್ಟೆ ಶುರು ಮಾಡಿದ್ದೇವೆ. ನಿಮ್ಮ ಮನೆಯಲ್ಲೂ ಒಂದು ಸೂಜಿ, ಸ್ವಲ್ಪ ದಾರ, ಒಂದು ದಪ್ಪ ಹಾಳೆ ಇದ್ದೇ ಇರುತ್ತದೆ. ಮಳೆ ಬಂದಾಗ ಕುಳಿತು ನೋಡಿ. ಊರಿನಲ್ಲಿ ಹಿರಿಯರಿದ್ದರೆ ಮೊದಲ ಕಾರ್ಡನ್ನು ಅವರಿಗೇ ಕಳಿಸಿ. ಹಿಂದಿನ ಬಾಜು ಮಾತ್ರ ಒಮ್ಮೆ ನೋಡಿಕೊಂಡು ಅಂಚೆಗೆ ಹಾಕಿ!