ಗಾಲಿಯ ಮೇಲಿನ ಬಿಡಾರ

ಉಣ್ಣಲು, ಮಲಗಲು, ಅಡಿಗೆ ಮಾಡಿಕೊಳ್ಳಲು ಅನುಕೂಲವಿರುವ ಮೋಟಾರಿನಲ್ಲಿ ಊರೂರು ಸುತ್ತುವ ಪದ್ಧತಿಯು ಈಚೆಗೆ ನಮ್ಮ ದೇಶದಲ್ಲಿಯೂ ಹಬ್ಬುತ್ತಲಿದೆ. ಇದು ಪರದೇಶದ ಸೋಗೆಂದು ಮೂಗು ಮುರಿಯುವವರಿದ್ದಾರೆ. ಆದರೆ ಭರತ ಹುಣ್ಣಿಮೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದ ಸೀಮೆಯವರಾದ ನಮಗೆ ಇದರಲ್ಲಿ ಹೊಸತೇನು? ಬಂಡಿಗೊಂದು ಕಮಾನು, ಒಳಗೆ ಹುಲ್ಲು ಹಾಸಿ ಮೇಲೊಂದು ಕೌದಿ, ಕೆಳಗೆ ತೂಗಾಡುವ ಕಂದೀಲು, ಸಜ್ಜೆಯ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ; ಎತ್ತು ದಣಿದಲ್ಲಿಯೇ ಬಿಡಾರ. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯನು ೧೮೮೫ರಲ್ಲಿ ‘ವಾಂಡರರ್’ ಎಂಬ ಮನೆಗಾಡಿಗೆ ಎರಡು ಕುದುರೆ ಹೂಡಿ ಇಂಗ್ಲಂಡದಿಂದ ಸ್ಕಾಟ್ಲಂಡದವರೆಗೆ ಹೋದದ್ದೇ ಈ ವಿನೋದದ ಮೊದಲೆಂದು ಆ ಜನರು ಎಣಿಸುತ್ತಾರೆ. ಎಣಿಸಲಿ. ನಮ್ಮ ಹಿರಿಯರು ವಿನೋದಕ್ಕೆಂದು ಹೊರಟವರಲ್ಲವೆಂಬುದೊಂದೇ ಭೇದ.

ನಮ್ಮ ಮನೆಯಲ್ಲಿ ಇಂಥ ವಾಹನದ ಮಾತು ಹುಟ್ಟಿದುದೂ ವಿನೋದಕ್ಕಾಗಿ ಅಲ್ಲ. ತಾಯಿಯವರಿಗೆ ಎಂಬತ್ತು ದಾಟಿದೆ. ನಡುವಿನ ನೋವಿನಿಂದ ಅರ್ಧ ಗಳಿಗೆಯೂ ನೆಟ್ಟಗೆ ಕುಳಿತಿರಲಾರರು. ಮಲಗಿಕೊಂಡೇ ಹೋಗುವ ಸವಲತ್ತು ಇರಬೇಕು. ಶೌಚದ ಅನುಕೂಲವೂ ಒಳಗೇ ಇರಬೇಕು. ಮೂಡಲಗಿಯಿಂದ ಗೋಕಾಕ, ಅಲ್ಲಿಂದ ಹುಕ್ಕೇರಿ, ಕಡೆಗೆ ಹಿಡಕಲ್ಲು: ನೂರು ಮೈಲು ಕೂಡ ಆಗದ ದಾರಿ. ಆರೋಗ್ಯವಂತನು ಮುಂಜಾನೆ ಹೋಗಿ ಸಂಜೆಗೆ ಮರಳುವನು. ನಾವು ಮೂರು ದಿನಗಳನ್ನು ಇಟ್ಟುಕೊಂಡಿದ್ದೇವೆ.

ತೊಡಕು ಬಂದದ್ದು ಋತುವಿನದು. ಘಟಪ್ರಭೆಯು ಗೋಕಾಕದ ಬಳಿ ೧೭೦ ಅಡಿಗಳ ಬಂಡೆಯಿಂದ ಧುಮುಕುವ ವೈಭವವನ್ನು ನೋಡಬೇಕಾದರೆ ಶ್ರಾವಣದ ಆಸುಪಾಸಿನಲ್ಲಿ ಹೋಗಬೇಕು. ಆಗ ಕೆಂಪು ನೀರು ಇಡೀ ಬಂಡೆಯನ್ನು ಮುಚ್ಚಿ ಬೀಳುತ್ತದೆ. ತೂಗುಸೇತುವೆಯೂ ೧೮೮೫ರಲ್ಲಿ ಸ್ಥಾಪನೆಗೊಂಡ ಗಿರಣಿಯ ಕಟ್ಟಡಗಳೂ ತುಂತುರಿನಲ್ಲಿ ಮಸುಕಾಗಿ ಕಾಣುತ್ತವೆ. ಧೂಪದಾಳದ ನೀರಿಗೆ ದೂರದೇಶದಿಂದ ಬರುವ ಕ್ರೌಂಚಗಳನ್ನು ಕಾಣಬೇಕಾದರೆ ಚಳಿಗಾಲವೇ ಸರಿ. ಆದರೆ ಅದು ಕಬ್ಬು ಸಾಗುವ ಕಾಲ. ಎರಡೆರಡು ಡಬ್ಬಿಗಳನ್ನು ಎಳೆಯುವ ಟ್ರಾಕ್ಟರುಗಳ ನಡುವೆ ನಮ್ಮ ಈ ಉದ್ದನೆಯ ವಾಹನವನ್ನು ಸಾಗಿಸುವುದು ಚಾಲಕನಿಗೂ ಒಳಗೆ ಮಲಗಿದವರಿಗೂ ಶಿಕ್ಷೆಯೇ.

ತಾಯಿಯವರಿಗೆ ಬೇಕಾದುದು ಈ ಎರಡೂ ಅಲ್ಲ. ರಾಜಾ ಲಖಮಗೌಡರ ಹೆಸರಿನ ಹಿಡಕಲ್ಲಿನ ಅಣೆಕಟ್ಟು ೧೯೭೭ರಲ್ಲಿ ಪೂರ್ಣಗೊಂಡಿತು. ೫೧ ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯದಿಂದ ನಮ್ಮ ಮೂಡಲಗಿಯ ಹೊಲಗಳು ಹಸಿರಾದವು. ಅದರ ಅಡಿಯಲ್ಲಿಯೇ ಅವರ ತವರೂ ಸೇರಿತು. ನಾವು ಉಂಡ ಅನ್ನಕ್ಕೂ ಆ ಮುಳುಗಿದ ಮನೆಗೂ ಇರುವ ಸಂಬಂಧವನ್ನು ಅವರು ಒಮ್ಮೆಯೂ ಆಡಿ ತೋರಿಸಿಲ್ಲ. ಹುನ್ನೂರಿನ ವಿಠ್ಠಲ ದೇವಾಲಯವೊಂದು ಮಾತ್ರ, ಬೇಸಿಗೆಯಲ್ಲಿ ನೀರು ತೀರ ಇಳಿದಾಗ, ಕಲ್ಲುಗೋಡೆಗಳೊಡನೆ ಮೇಲೆದ್ದು ನಿಲ್ಲುತ್ತದೆ. ಆ ಪ್ರಾಂಗಣದಲ್ಲಿ ತಾವು ಆಡಿದ್ದುಂಟೆಂದು ಹೇಳುತ್ತಾರೆ.

ಹೀಗಾಗಿ ಜಲಪಾತ ಬೇಕೆಂದರೆ ಗುಡಿಯಿಲ್ಲ, ಗುಡಿ ಬೇಕೆಂದರೆ ಜಲಪಾತವಿಲ್ಲ. ವೈಶಾಖದಲ್ಲಿ ಗೋಕಾಕದ ಬಂಡೆಯ ಮೇಲೆ ನೀರಿನ ಒಂದೆರಡು ಎಳೆಗಳುಳಿದರೆ ಪುಣ್ಯ. ಮಕ್ಕಳು ಮುಖ ಸಪ್ಪೆ ಮಾಡಿದರು. ತಮ್ಮನು ಕಾಗದ ಹರವಿಕೊಂಡು, ಎರಡು ಪ್ರವಾಸಗಳ ಖರ್ಚನ್ನು ಒಂದರಲ್ಲಿ ಅಡಗಿಸುವ ಲೆಕ್ಕ ಮಾಡಿ ಸೋತನು. ತಾಯಿಯವರು ಮೊಮ್ಮಗನಿಗೆ ಹೇಳಿದ್ದು ಇಷ್ಟೇ: “ಯಪ್ಪಾ, ದಬದಬೆ ಮುಂದಿನ ವರ್ಷಾನೂ ಬೀಳತೈತಿ.” ಆಮೇಲೆ ಯಾರೂ ಋತುವಿನ ಮಾತೆತ್ತಲಿಲ್ಲ.

ಬೇಸಿಗೆಯೆಂದ ಮೇಲೆ ಯೋಜನೆಯೆಲ್ಲ ಬಿಸಿಲಿಗೆ ಹೆದರಿ ಹಾಕಿದುದು. ತಗಡಿನ ಮಾಳಿಗೆಯ ವಾಹನವು ಮಧ್ಯಾಹ್ನಕ್ಕೆ ಒಲೆಯಾಗುವುದು; ಆದುದರಿಂದ ಬೆಳಗಿನ ಐದರಿಂದ ಹತ್ತರವರೆಗೆ ಮಾತ್ರ ಪ್ರಯಾಣ, ಮುಂದೆ ಮರದ ನೆರಳು. ಮೊದಲ ದಿನ ಕಲ್ಲೋಳಿಯ ಹನುಮಪ್ಪನಿಗೆ ಕಾಯಿ ಒಡೆಯಿಸಿ ಗೋಕಾಕದಲ್ಲಿ ವಸತಿ. ಕರದಂಟಿನ ಅಂಗಡಿಯೂ, ಹಗುರ ಕಟ್ಟಿಗೆಯ ಬಣ್ಣದ ಹಣ್ಣುಗಳೂ ಮಕ್ಕಳ ಸಮಾಧಾನಕ್ಕೆ. ಎರಡನೆಯ ದಿನ ಜಲಪಾತದ ದಂಡೆಯ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿಯನ್ನು ನೋಡಿ ಹುಕ್ಕೇರಿಗೆ. ಅಲ್ಲಿಯ ಆದಿಲಶಾಹಿ ಗುಮ್ಮಟಗಳನ್ನು ಬಿಸಿಲೇರುವ ಮೊದಲೇ ಮುಗಿಸಬೇಕು. ಪಾರಿಜಾತದ ಆಟದಿಂದ ಹೆಸರಾದ ಕುಲಗೋಡವು ದಾರಿಯಿಂದ ದೂರ ಉಳಿಯಿತು; ನನಗದು ವ್ಯಸನ. ವಾಹನದವರು ಕೊಡುವ ನೀರಿನ ತೊಟ್ಟಿಯನ್ನು ನಂಬದೆ ಎರಡು ಮಣ್ಣಿನ ಕೊಡಗಳನ್ನು ಬೇರೆ ಇಟ್ಟುಕೊಳ್ಳುತ್ತೇವೆ.

ನೀರು ಎಷ್ಟು ಇಳಿದಿದೆಯೆಂಬುದನ್ನು ಅಲ್ಲಿಯ ನೆಂಟರೊಬ್ಬರು ವಾರಕ್ಕೊಮ್ಮೆ ಫೋನಿನಲ್ಲಿ ತಿಳಿಸುತ್ತಿದ್ದಾರೆ. ನೆಲವು ಮೇಲೆ ಬಿರಿದು ಒಣಗಿದಂತೆ ಕಂಡರೂ ಒಳಗೆ ಹಸಿಯಿರುವುದರಿಂದ ಭಾರದ ವಾಹನವು ಗುಡಿಯ ಬಳಿಗೆ ಹೋಗಲಾರದಂತೆ. ಆ ಕೊನೆಯ ಹಾದಿಗೆ ಒಂದು ಎತ್ತಿನ ಬಂಡಿಯನ್ನು ಹೇಳಿಟ್ಟಿದ್ದಾರೆ. ಹುಲ್ಲನ್ನು ದಪ್ಪಗೆ ಹಾಸಲು ಹೇಳಬೇಕೆಂದು ತಾಯಿಯವರ ಅಪ್ಪಣೆಯಾಗಿದೆ.