ನಾನು ಕಂಡ ರಾಜಧಾನಿ

ನಾನು ಮೊದಲ ಬಾರಿಗೆ ಬೆಂಗಳೂರನ್ನು ಕಂಡದ್ದು 1978ರ ಬೇಸಿಗೆಯಲ್ಲಿ. ಆಗ ತಾನೇ ಒಂಬತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿದ್ದೆನು. ನಮ್ಮದು ಧಾರವಾಡ ಜಿಲ್ಲೆಯ ಅಣ್ಣಿಗೇರಿಗೆ ಸಮೀಪದ ಒಂದು ಹಳ್ಳಿ. ಕಣ್ಣು ಹಾಯುವವರೆಗೂ ಎರೆಭೂಮಿ. ಮಳೆ ಬಂದರೆ ಕಾಲಿಗೆ ಅಂಟುವ, ಬಿಸಿಲಿಗೆ ಬಾಯಿಬಿಡುವ ಕಪ್ಪು ಮಣ್ಣು. ಬಾವಿ ತೋಡಿದರೆ ಸವುಳು ನೀರು. ಆದುದರಿಂದ ಕುಡಿಯುವುದಕ್ಕೆ ಊರಿಗೆಲ್ಲ ಒಂದೇ ಕೆರೆ. ಅವ್ವ ದಿನಕ್ಕೆರಡು ಸಲ ಕೊಡ ಹೊತ್ತು ಅಲ್ಲಿಗೆ ಹೋಗುತ್ತಿದ್ದಳು. ದಂಡೆಯ ಮೇಲೆ ಚಪ್ಪಲಿ ಕಳಚಿಟ್ಟೇ ಕೆರೆಗೆ ಇಳಿಯಬೇಕೆಂಬುದು ಊರಿನ ಕಟ್ಟಳೆ. ಗೌಡನಿರಲಿ, ಕೂಲಿಯವನಿರಲಿ, ಯಾರೂ ಅದನ್ನು ಮೀರುತ್ತಿರಲಿಲ್ಲ.

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಸೋದರಮಾವ ಕಾಗದ ಬರೆದು ನಮ್ಮನ್ನು ಕರೆಸಿಕೊಂಡಿದ್ದರು. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯೊಡನೆ ಅಪ್ಪ ಮತ್ತು ನಾನು ಅಣ್ಣಿಗೇರಿಯಲ್ಲಿ ರೈಲನ್ನೇರಿದೆವು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಇರುಳೆಲ್ಲ ಪಯಣಿಸಿ, ಬೆಳಗಿನ ಹೊತ್ತಿಗೆ ರಾಜಧಾನಿಯನ್ನು ಮುಟ್ಟಿದೆವು. ಬೇಸಿಗೆಯಲ್ಲಿಯೂ ತಂಪುಗಾಳಿ ಬೀಸುತ್ತಿತ್ತು. ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದೇ ಇದಕ್ಕೆ ಕಾರಣವೆಂದು ಮಾವ ವಿವರಿಸಿದರು. ನಿಲ್ದಾಣದ ಎದುರಿನ ವಿಶಾಲವಾದ ಬಯಲಿನಲ್ಲಿ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ಅದು ಹಿಂದೆ ಧರ್ಮಾಂಬುಧಿ ಎಂಬ ಕೆರೆಯಾಗಿತ್ತೆಂದು ಮಾವ ಹೇಳಿದಾಗ ಅಪ್ಪ ತಟ್ಟನೆ ನಿಂತುಬಿಟ್ಟರು.

“ಹಂಗಾದ್ರ ನಾವು ಕೆರಿಯೊಳಗ ಚಪ್ಪಲಿ ಮೆಟ್ಟಿಕೊಂಡು ನಿಂತೀವಲ್ಲೋ ತಮ್ಮಾ!” ಎಂದರು.

ಮಾವ ನಕ್ಕರು. ನಾನೂ ನಕ್ಕೆನು. ಅಪ್ಪ ಮಾತ್ರ ನಗಲಿಲ್ಲ.

ಮಾವನ ಮನೆಯ ಅಂಗಳದಲ್ಲಿ ಯಾರೋ ನಳವನ್ನು ತಿರುಗಿಸಿಟ್ಟು ಮರೆತಿದ್ದರು. ನೀರು ಹರಿದು ಚರಂಡಿಯನ್ನು ಸೇರುತ್ತಿತ್ತು. ಅಪ್ಪ ಕೈಯಲ್ಲಿದ್ದ ಗಂಟನ್ನು ಅಲ್ಲಿಯೇ ಬಿಟ್ಟು, ಓಡಿಹೋಗಿ ಅದನ್ನು ನಿಲ್ಲಿಸಿದರು. “ನಳ” ಎಂದ ನನ್ನ ಮಾತಿಗೆ ನೆರೆಮನೆಯ ಹುಡುಗರು ನಕ್ಕು, “ನಳ ಅಲ್ಲ, ನಲ್ಲಿ” ಎಂದು ತಿದ್ದಿದರು. ಆ ನೀರು ಎಲ್ಲಿಯದೆಂದು ಅಪ್ಪ ಕೇಳಿದರು. ಬೆಂಗಳೂರಿಗೆ ನದಿಯ ಆಸರೆಯಿಲ್ಲ. ಮೊದಲು ಹೆಸರಘಟ್ಟದಿಂದ, ಅನಂತರ ತಿಪ್ಪಗೊಂಡನಹಳ್ಳಿಯಿಂದ ನೀರನ್ನು ತಂದದ್ದಾಯಿತು. ಅದೂ ಸಾಲದೆ, 1974ರಲ್ಲಿ ಕಾವೇರಿಯನ್ನೇ ಬರಮಾಡಿಕೊಂಡರು. ಯಂತ್ರಗಳ ಬಲದಿಂದ ಆ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರವನ್ನು ಏರಿ ಬರುತ್ತದೆ. ಇದನ್ನೆಲ್ಲ ಕೇಳಿದ ಅಪ್ಪ, “ಆ ತಾಯಿ ಇಷ್ಟು ಗುಡ್ಡಾ ಏರಿ ಬಂದಾಳ. ಆಕೀನ್ನ ಗಟಾರಕ್ಕ ಬಿಡೂದು ಚಲೋ ಅಲ್ಲ” ಎಂದರು.

ಮರುದಿನ ಊರು ನೋಡಲು ಹೊರಟೆವು. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನಲ್ಲಿ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ಕಂಡು ಬೆರಗಾದೆವು. ಅಲ್ಲಿಯ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷಗಳ ವಯಸ್ಸು. ಅದರ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರವಿದೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಇಲ್ಲಿಯವರೆಗೆ ಬೆಳೆದೀತೆಂದು ಹಿರಿಯರು ಗುರುತಿಟ್ಟರೆಂದು ಜನ ಹೇಳುತ್ತಾರೆ. ನಾವು ನಿಂತು ನೋಡುವಾಗಲೇ ನಗರವು ಆ ಗುರುತನ್ನು ದಾಟಿ ಬಹುದೂರ ಸಾಗಿತ್ತು. 1905ರಷ್ಟು ಹಿಂದೆಯೇ ಬೀದಿಗೆ ವಿದ್ಯುದ್ದೀಪ ಬಂದ ಊರಿದು. ವಿಜ್ಞಾನ ಮಂದಿರ 1909ರಲ್ಲಿ ಬಂದಿತು. ವಿಮಾನದ ಕಾರ್ಖಾನೆ 1940ರಲ್ಲಿ, ದೂರವಾಣಿಯದು 1948ರಲ್ಲಿ. ನಾಡಿನ ಮೂಲೆಮೂಲೆಗಳಿಂದ ನನ್ನ ಮಾವನಂಥವರು ಅನ್ನವನ್ನು ಅರಸಿ ಇಲ್ಲಿಗೆ ಬಂದರು.

ಸಂಜೆ ವಿಧಾನಸೌಧದ ಮುಂದೆ ನಿಂತೆವು. ಕೆಂಗಲ್ ಹನುಮಂತಯ್ಯನವರ ಕನಸಾದ ಆ ಸೌಧಕ್ಕೆ 1951ರಲ್ಲಿ ಅಡಿಗಲ್ಲು ಬಿದ್ದು, 1956ರಲ್ಲಿ ಕಟ್ಟಡ ಪೂರ್ಣಗೊಂಡಿತು. ಅದೇ ವರ್ಷದ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ಅಲ್ಲಿಯವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಪ್ಪ ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ ಹೇಳಿದರು:

“ನಾ ಹರೇದಾವ ಇದ್ದಾಗ ನಮ್ಮ ಕಾಗದಾ ಪತ್ರಾ ಮುಂಬೈಗೆ ಹೋಗತಿದ್ದವು. ಅಲ್ಲಿ ನಮ್ಮ ಮಾತು ತಿಳಿಯೋರು ಯಾರಿದ್ರು? ಇಲ್ಲಿ ನಾ ಕನ್ನಡದಾಗ ಕೇಳಬಹುದು. ನಮ್ಮ ಕೆರಿ ಮಾತೂ ಇಲ್ಲೇ ತೀರಬೇಕು. ಈ ಕಟ್ಟಡ ನಮ್ಮದೂ ಹೌದು.”

ಹಿಂದಿನ ದಿನ ನನ್ನ ಒಂದು ಮಾತಿಗೆ ಹುಡುಗರು ನಕ್ಕದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಅಪ್ಪನ ಮಾತು ಕೇಳಿದ ಮೇಲೆ ಆ ನೋವು ಹೇಗೋ ಮಾಯವಾಯಿತು. ರಾಜಧಾನಿಯೆಂದರೆ ಅಲ್ಲಿ ವಾಸಿಸುವವರದು ಮಾತ್ರವಲ್ಲ, ದೂರದಲ್ಲಿ ಕುಳಿತು ಅದರತ್ತ ಮುಖಮಾಡಿದವರದೂ ಹೌದೆಂಬುದು ಅಂದು ನನಗೆ ತಿಳಿಯಿತು.

ಕಾಲ ಉರುಳಿತು. ಅಪ್ಪ ಈಗಿಲ್ಲ. ಮಹದಾಯಿ ಕೊಳ್ಳದ ಕಳಸಾ–ಬಂಡೂರಿ ಹಳ್ಳಗಳ ನೀರಿಗಾಗಿ 2015ರಲ್ಲಿ ನವಲಗುಂದದ ಕಡೆಯ ರೈತರು ಧರಣಿ ಕುಳಿತಾಗ ನಾನೂ ಹೋಗಿ ಅವರ ನಡುವೆ ಕುಳಿತಿದ್ದೆನು. ಅಂದು ಅಪ್ಪ ಆಡಿದ ಮಾತು ಮತ್ತೆ ಮತ್ತೆ ನೆನಪಾಯಿತು. ಬೆಂಗಳೂರೂ ಬೆಳೆಯುತ್ತಲೇ ಹೋಯಿತು. 1951ರಲ್ಲಿ ಎಂಟು ಲಕ್ಷವನ್ನೂ ಮುಟ್ಟದಿದ್ದ ಜನಸಂಖ್ಯೆ 2011ರ ಜನಗಣತಿಯ ವೇಳೆಗೆ 84 ಲಕ್ಷವನ್ನು ದಾಟಿತು. ಆ ವರ್ಷವೇ ಮೆಟ್ರೋ ರೈಲಿನ ಓಡಾಟ ಮೊದಲಾಯಿತು. ಆದರೆ ಎಷ್ಟೋ ಕೆರೆಗಳು ಧರ್ಮಾಂಬುಧಿಯ ಹಾದಿಯನ್ನೇ ಹಿಡಿದವು. ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ.

2024ರ ಬೇಸಿಗೆಯಲ್ಲಿ ಅಲ್ಲಿರುವ ಮಗಳ ಮನೆಗೆ ಹೋಗಿದ್ದೆನು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು; ಕೊಳವೆಬಾವಿಗಳು ಬತ್ತಿದ್ದವು. ಎತ್ತರದ ಮನೆಗಳ ಮುಂದೆ ಜನ ಬಿಂದಿಗೆ ಹಿಡಿದು ಟ್ಯಾಂಕರಿಗಾಗಿ ಕಾಯುತ್ತಿದ್ದರು. ಅವರ ನಡುವೆ ನನ್ನ ಮಗಳನ್ನು ಕಂಡಾಗ, ಕೊಡ ಹೊತ್ತ ಅವ್ವನನ್ನೇ ಕಂಡಂತಾಯಿತು. ಹಳ್ಳಿಗೂ ರಾಜಧಾನಿಗೂ ನಡುವೆ ಎಷ್ಟೋ ಅಂತರವಿರಬಹುದು, ಬಾಯಾರಿಕೆಯಲ್ಲಿ ಅಂತರವಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ನೀರು ನಗರಕ್ಕೆ ಬಂದಿತು. ಆದರೆ ಇದ್ದ ನೀರನ್ನು ಕಾಯದವರಿಗೆ ಎಷ್ಟು ಹಂತಗಳು ತಾನೇ ಸಾಕಾದಾವು?

ಆ ಊರಿನಲ್ಲಿ ಹಾಗೆ ಕಾಯುವವರೂ ಇದ್ದಾರೆ. ಒಂದು ಸಂಜೆ ಮೊಮ್ಮಗನು ನನ್ನನ್ನು ಜಕ್ಕೂರು ಕೆರೆಗೆ ಕರೆದೊಯ್ದನು. ಬಳಸಿಬಿಟ್ಟ ನೀರನ್ನು ಶುದ್ಧಮಾಡಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಅಲ್ಲಿ ಕೆರೆಯನ್ನು ತುಂಬಿಸುತ್ತಾರೆ. ಹಕ್ಕಿಗಳು ಇಳಿಯುತ್ತಿದ್ದವು. ನನಗೆ ಅರಿವಿಲ್ಲದೆಯೇ ದಂಡೆಯ ಮೇಲೆ ಚಪ್ಪಲಿಯನ್ನು ಕಳಚಿದೆನು.

“ಅಜ್ಜಾ, ಇಲ್ಲಿ ಗುಡಿ ಇಲ್ಲವಲ್ಲ?” ಎಂದು ಹುಡುಗ ಕೇಳಿದನು.

ನಾನು ನೀರಿನ ಕಡೆಗೆ ಕೈ ತೋರಿಸಿ, ನಮ್ಮೂರ ಕೆರೆಯ ಕಟ್ಟಳೆಯನ್ನು ಹೇಳಿದೆನು. ಬಸ್ ನಿಲ್ದಾಣದಲ್ಲಿ ಅವನ ಮುತ್ತಜ್ಜ ಆಡಿದ ಮಾತನ್ನೂ ಹೇಳಿದೆನು. ಅವನು ನಗಲಿಲ್ಲ. ಒಂದು ಕ್ಷಣ ನನ್ನ ಮುಖವನ್ನು ನೋಡಿ, ಬಗ್ಗಿ ತನ್ನ ಬೂಟಿನ ದಾರವನ್ನು ಬಿಚ್ಚತೊಡಗಿದನು.